ಚಂದ್ರ ಕಾಣಿಸ್ತೇನಪ್ಪಾ?

ಹುಣ್ಣಿಮೆ ಚಂದ್ರನ ಫೋಟೋ ತೆಗೆಯುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಯಾಕೋ ಅದರ ಹುಚ್ಚು ಹತ್ತಲಿಲ್ಲ. ಹುಣ್ಣಿಮೆಗೆ ಬಿಸಿಲು ನಮ್ಮ ಬೆನ್ನ ಕಡೆಯಿಂದ ಹೋಗಿ ಚಂದ್ರನ ಮೇಲೆ ನೇರವಾಗಿ ಬೀಳುತ್ತದೆ. ಕುಳಿಗಳಿಗೆ ನೆರಳೇ ಇರಲ್ಲ, ಎಲ್ಲ ಚಪ್ಪಟೆ. ಮೇಲಾಗಿ ಅವನು ರಾತ್ರಿಯಿಡೀ ಆಕಾಶದಲ್ಲೇ ಇರುತ್ತಾನೆ. ಉಂಡು, ಒಂದು ನಿದ್ದೆ ಮುಗಿಸಿ ಎದ್ದರೂ ಸಿಗುತ್ತಾನೆ. ನಾನು ಬೆನ್ನು ಹತ್ತಿರುವುದು ಅಮಾವಾಸ್ಯೆ ಕಳೆದು ಮೊದಲು ಕಾಣುವ ಎಳೆ ಚಂದ್ರನನ್ನು. ಸೂರ್ಯ ಮುಳುಗಿದ ಮೇಲೆ ಅವನು ಇರೋದು ಹೆಚ್ಚೂ ಕಡಿಮೆ ಒಂದು ಗಂಟೆ. ಮೊದಲ ಇಪ್ಪತ್ತು ನಿಮಿಷ ಸಂಜೆ ಬೆಳಕಿನಲ್ಲಿ ಕಾಣಲ್ಲ. ಕೊನೆಯ ಇಪ್ಪತ್ತು ನಿಮಿಷ ಧೂಳಿನಲ್ಲಿ ಕಾಣಲ್ಲ. ನಡುವೆ ಉಳಿದದ್ದು ನಮ್ಮ ಪಾಲು.

ಧೂಳು ಅಂದೆ. ನಾನಿರೋದು ಬಳ್ಳಾರಿಯಲ್ಲಿ. ಮಲೆನಾಡಿನವರಿಗೆ ಗುಡ್ಡ, ಮರ ಅಡ್ಡ ಬರುತ್ತವೆ. ನಮಗೆ ಆ ತೊಂದರೆ ಇಲ್ಲ. ಊರ ನಡುವೆ ಬಳ್ಳಾರಿ ಗುಡ್ಡ, ಕುಂಬಾರ ಗುಡ್ಡ ಇವೆ, ನಿಜ. ಪುಣ್ಯಕ್ಕೆ ನಮ್ಮ ಮಾಳಿಗೆಯಿಂದ ಎರಡೂ ಪಕ್ಕಕ್ಕೆ ಉಳಿಯುತ್ತವೆ. ಪಶ್ಚಿಮಕ್ಕೆ ದೂರದಲ್ಲಿ ಸಂಡೂರು ಗುಡ್ಡಸಾಲು. ಅಷ್ಟು ದೂರದಿಂದ ಅದರ ಎತ್ತರ ಲೆಕ್ಕಕ್ಕೇ ಬರಲ್ಲ. ಅಡ್ಡ ಬರುವುದು ಗುಡ್ಡವಲ್ಲ, ಗಾಳಿಯಲ್ಲಿರುವ ಕೆಂಧೂಳು, ಲಾರಿ ಧೂಳು, ಹೊಗೆ. ಸಿರುಗುಪ್ಪ, ಗಂಗಾವತಿ, ಸಿಂಧನೂರು ಕಡೆ ಭತ್ತ ಕೊಯ್ದು ಹುಲ್ಲಿಗೆ ಬೆಂಕಿ ಇಟ್ಟರೆ ಅದೂ ಸೇರಿಕೊಳ್ಳುತ್ತದೆ. ನೆತ್ತಿಯ ಮೇಲಿನ ನಕ್ಷತ್ರದ ಬೆಳಕು ಒಂದು ಪದರ ಗಾಳಿ ದಾಟಿ ಬರುತ್ತದೆ ಅಂತ ಇಟ್ಟುಕೊಳ್ಳಿ. ಹತ್ತು ಡಿಗ್ರಿ ಎತ್ತರದಲ್ಲಿರುವುದಕ್ಕೆ ಐದೂವರೆ ಪಟ್ಟು, ಐದು ಡಿಗ್ರಿಗೆ ಹತ್ತು ಪಟ್ಟು, ನೆಲ ಮುಟ್ಟುವ ಹೊತ್ತಿಗೆ ಸುಮಾರು 38 ಪಟ್ಟು ಗಾಳಿ ದಾಟಬೇಕು. ಏಪ್ರಿಲ್ ತಿಂಗಳಲ್ಲಿ ನಮ್ಮ ಕಡೆ ಚಂದ್ರ ಮುಳುಗೋದನ್ನು ನೋಡೋಕೆ ಆಗಲ್ಲ. ಇನ್ನೂ ಒಂದು ಗೇಣು ಮೇಲಿರುವಾಗಲೇ ಕೆಂಪಗಾಗಿ, ಮಸುಕಾಗಿ, ಇಲ್ಲವಾಗುತ್ತಾನೆ. ಒಂದು ಅಡ್ಡ ಮಳೆ ಬಂದು ಧೂಳು ಕೂತಿತು ಅನ್ನಿ, ಮರುದಿನದ ಆಕಾಶವೇ ಬೇರೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೂ ಪರವಾಗಿಲ್ಲ.

ಹುಡುಕುವ ದಿನ ಯಾವುದು ಅಂತ ಗೊತ್ತು ಮಾಡಿಕೊಳ್ಳಲು ಮೊಬೈಲ್ ಆ್ಯಪ್‌ಗಳಿವೆ. ಸ್ಟೆಲೇರಿಯಂ ನಾನೂ ಬಳಸುತ್ತೇನೆ. ಆದರೆ ಅಡುಗೆಮನೆ ಗೋಡೆಗೆ ನೇತುಹಾಕಿದ ಕ್ಯಾಲೆಂಡರ್ ಸಾಕು ಅನ್ನೋದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು. ತಿಥಿ ಅಂದರೆ ಬೇರೇನಲ್ಲ, ಸೂರ್ಯನಿಂದ ಚಂದ್ರ ಎಷ್ಟು ದೂರ ಸರಿದಿದ್ದಾನೆ ಅನ್ನುವ ಅಳತೆ. ಒಂದು ತಿಥಿಗೆ 12 ಡಿಗ್ರಿ. ಅಮಾವಾಸ್ಯೆ ಮುಗಿಯುವ ಗಳಿಗೆ ಸೊನ್ನೆ. ಅಲ್ಲಿಂದ 12 ಡಿಗ್ರಿವರೆಗೆ ಪಾಡ್ಯ, 12ರಿಂದ 24 ಬಿದಿಗೆ. ಬರಿಗಣ್ಣಿಗೆ ಎಳೆ ಚಂದ್ರ ಕಾಣಬೇಕಾದರೆ ಸಾಮಾನ್ಯವಾಗಿ ಹತ್ತು-ಹನ್ನೆರಡು ಡಿಗ್ರಿಯಾದರೂ ಸರಿದಿರಬೇಕು. ಅಂದರೆ ಪಾಡ್ಯದ ಚಂದ್ರ ಬಹುಮಟ್ಟಿಗೆ ಕಾಣಲ್ಲ, ಬಿದಿಗೆಯವನು ಕಾಣುತ್ತಾನೆ. ಹಿರಿಯರು ಬಿದಿಗೆ ಚಂದ್ರನನ್ನು ನೋಡಿ ಕೈಮುಗಿಯಬೇಕು ಅಂದದ್ದು ಸುಮ್ನೆ ಅಲ್ಲ. ಕಾಣದವನಿಗೆ ಕೈಮುಗಿ ಅಂತ ಯಾರು ಹೇಳ್ತಾರೆ?

ಯುಗಾದಿ ಪಾಡ್ಯದ ಹಬ್ಬ. ಹಾಗಾಗಿ ಯುಗಾದಿ ಸಂಜೆ ಮಾಳಿಗೆ ಹತ್ತಿ ಕುತ್ತಿಗೆ ನೋಯಿಸಿಕೊಂಡು, ಕಾಣದೆ ಇಳಿದು ಬಂದು, ಮರುದಿನ ನೋಡುವ ಮನೆಗಳೇ ಜಾಸ್ತಿ. 2023ರ ಯುಗಾದಿ ಮಾರ್ಚ್ 22ಕ್ಕೆ. ಅಮಾವಾಸ್ಯೆ ಮುಗಿದದ್ದು ಹಿಂದಿನ ರಾತ್ರಿ 11ರ ಹತ್ತಿರ. ಹಬ್ಬದ ಸಂಜೆ ಚಂದ್ರನ ವಯಸ್ಸು (ಅಮಾವಾಸ್ಯೆ ಮುಗಿದಲ್ಲಿಂದ ಎಣಿಸಿದ ಹೊತ್ತು) ಇಪ್ಪತ್ತು ಗಂಟೆಯೂ ಆಗಿರಲಿಲ್ಲ, ಇನ್ನೂ ಪಾಡ್ಯವೇ ನಡೆದಿತ್ತು. ದೇಶದಲ್ಲಿ ರಂಜಾನ್ ಉಪವಾಸ ಶುರುವಾದದ್ದು 24ಕ್ಕೆ, ಅಂದರೆ ಚಂದ್ರ ಕಂಡದ್ದು 23ರ ಸಂಜೆ. 2024ರಲ್ಲಿ ಯುಗಾದಿ ಏಪ್ರಿಲ್ 9. ಆವತ್ತು ಸಂಜೆಗೂ 19 ಗಂಟೆ ಆಗಿರಲಿಲ್ಲ. ಕೇರಳ, ಮಂಗಳೂರು ಕಡೆ ಮರುದಿನವೇ ರಂಜಾನ್ ಹಬ್ಬ ಮಾಡಿದರು, ನಮ್ಮಲ್ಲಿ 11ಕ್ಕೆ. ಸಮುದ್ರ ದಂಡೆಯವರಿಗೆ ಪಶ್ಚಿಮದಲ್ಲಿ ನೀರು ಬಿಟ್ಟರೆ ಬೇರೇನೂ ಇಲ್ಲ, ಸೂರ್ಯನೂ ನಮಗಿಂತ ಸ್ವಲ್ಪ ತಡವಾಗಿ ಮುಳುಗುತ್ತಾನೆ. ಅಷ್ಟರಲ್ಲಿ ಚಂದ್ರ ಇನ್ನೊಂದು ಚೂರು ಸರಿದಿರುತ್ತಾನೆ.

2025 ಬೇರೆ ಥರ. ಯುಗಾದಿ ಮಾರ್ಚ್ 30ಕ್ಕೆ. ಅಮಾವಾಸ್ಯೆ ಮುಗಿದದ್ದು ಹಿಂದಿನ ದಿನ ಸಂಜೆ ನಾಲ್ಕೂವರೆಗೆ. ಹಾಗಾಗಿ ಹಬ್ಬದ ಮಧ್ಯಾಹ್ನವೇ ಬಿದಿಗೆ ಹತ್ತಿತು. ಸಂಜೆ ಹೊತ್ತಿಗೆ ಚಂದ್ರನಿಗೆ 26 ಗಂಟೆ. ನಮ್ಮ ಓಣಿಯಲ್ಲಿ ಆ ಸಂಜೆ ಖಾಲಿ ಮಾಳಿಗೆ ಅಂತ ಒಂದೂ ಇರಲಿಲ್ಲ. ನಮ್ಮ ಮನೆಯವರು ಬೇವು ಕುಡಿದು, ಹೋಳಿಗೆ ಉಂಡು, ಹೊಸ ಬಟ್ಟೆಯಲ್ಲಿ ಚಂದ್ರನಿಗೆ ಕಾಯುತ್ತಿದ್ದರು. ಪಕ್ಕದ ಮಾಳಿಗೆಯಲ್ಲಿ ರೋಜಾ, ಅಂದರೆ ದಿನದ ಉಪವಾಸ, ಬಿಟ್ಟು ಖರ್ಜೂರ ಕೈಯಲ್ಲಿ ಹಿಡಿದವರು ಅದೇ ಚಂದ್ರನಿಗೆ ಕಾಯುತ್ತಿದ್ದರು. ಇವರಿಗೆ ಅದು ವರ್ಷದ ಮೊದಲ ಚಂದ್ರ. ಅವರಿಗೆ ನಾಳೆ ಹಬ್ಬವೋ ಇನ್ನೊಂದು ರೋಜಾವೋ ಅಂತ ತೀರ್ಮಾನಿಸುವ ಚಂದ್ರ. ಮಾಳಿಗೆಗಳ ನಡುವೆ ಮೊಳಕಾಲೆತ್ತರದ ಗೋಡೆ. ಮಕ್ಕಳು ಆಚೆಯಿಂದ ಈಚೆ, ಈಚೆಯಿಂದ ಆಚೆ ದಾಟುತ್ತಲೇ ಇದ್ದರು. ನನ್ನ ಟ್ರೈಪಾಡ್‌ಗೆ ಎಡವಿದವರೂ ಇದ್ದಾರೆ.

ಇಂಥ ಸಂಜೆ ಕ್ಯಾಮೆರಾ ಇಟ್ಟುಕೊಂಡು ನಿಂತವನಿಗೆ ಒಂದೇ ಪ್ರಶ್ನೆ ಬರುತ್ತದೆ. "ಕಾಣಿಸ್ತೇನಪ್ಪಾ?" ಕೇಳುವವರಲ್ಲಿ ಮೊದಲಿಗರು ಪಕ್ಕದ ಮನೆ ಚಾಚಾ. ಜೀನ್ಸ್ ಹೊಲಿಯುವ ಕೆಲಸ. ದಿನವಿಡೀ ದಪ್ಪ ಬಟ್ಟೆಯ ಹೊಲಿಗೆ ನೋಡಿ ನೋಡಿ ಕಣ್ಣು ಸ್ವಲ್ಪ ಮಂಜು. ನಾನು ಕ್ಯಾಮೆರಾ ಪರದೆಯನ್ನು ಹತ್ತು ಪಟ್ಟು ದೊಡ್ಡದು ಮಾಡಿ ಹುಡುಕುತ್ತಿದ್ದೆ. ಕಣ್ಣಿಗೆ ಏನೂ ಇರಲಿಲ್ಲ, ಪರದೆಯಲ್ಲಿ ತೆಳ್ಳನೆ ಒಂದು ಗೆರೆ ಬಂತು. "ಬಂತು ಚಾಚಾ, ಕ್ಯಾಮೆರಾದಾಗ ಐತೆ ನೋಡ್ರಿ" ಅಂದೆ. ಅವರು ಬಂದು ನೋಡಿದರು. ಖುಷಿಪಟ್ಟರು. ಆಮೇಲೆ ಹೇಳಿದರು: "ಕ್ಯಾಮೆರಾಗೆ ಕಂಡ್ರೆ ಕ್ಯಾಮೆರಾನೇ ಹಬ್ಬ ಮಾಡ್ಲಿ ಬೇಟಾ. ನಮಗೆ ಕಣ್ಣಿಗೆ ಕಾಣ್ಬೇಕು."

ತಮಾಷೆಗೆ ಹೇಳಿದ್ದೇ ಇರಬಹುದು. ನನ್ನ ತಲೆಯಲ್ಲಿ ಮಾತ್ರ ಕೂತುಬಿಟ್ಟಿತು. ಯಾಕೆಂದರೆ ಕ್ಯಾಮೆರಾ ಈಗ ಕಣ್ಣಿಗಿಂತ ಬಹಳ ಮುಂದೆ ಹೋಗಿದೆ. ಆಂದ್ರೆ ದಾಂಜಾನ್ ಅನ್ನುವ ಫ್ರಾನ್ಸಿನ ಖಗೋಳ ವಿಜ್ಞಾನಿ 1930ರ ದಶಕದಲ್ಲಿ ಒಂದು ಮಾತು ಹೇಳಿದ್ದ. ಚಂದ್ರ ಸೂರ್ಯನಿಗೆ ಹತ್ತಿರವಾದಷ್ಟೂ ಅವನ ಕೋಡುಗಳು, ಅಂದರೆ ಬಿಲ್ಲಿನ ಎರಡು ತುದಿಗಳು, ಮೊಟಕಾಗುತ್ತ ಬರುತ್ತವೆ. ಏಳು ಡಿಗ್ರಿಗಿಂತ ಹತ್ತಿರ ಬಂದರೆ ಬಿಲ್ಲೇ ಕಾಣಲ್ಲ. ಬರಿಗಣ್ಣಿನ ದಾಖಲೆಯಾಗಿ ಹೆಚ್ಚು ಜನ ಒಪ್ಪಿರುವುದು ಅಮೆರಿಕದ ಸ್ಟೀಫನ್ ಜೇಮ್ಸ್ ಒಮೇರಾ 1990ರ ಮೇ ತಿಂಗಳಲ್ಲಿ ಕಂಡ 15 ಗಂಟೆ 32 ನಿಮಿಷದ ಚಂದ್ರನನ್ನು. ಅದೂ ವರ್ಷಗಟ್ಟಲೆ ಆಕಾಶ ನೋಡಿ ಪಳಗಿದ ಕಣ್ಣು. ಕ್ಯಾಮೆರಾ ವಿಷಯಕ್ಕೆ ಬಂದರೆ, ತಿಯರಿ ಲೆಗೋ ಅನ್ನುವ ಫ್ರೆಂಚ್ ಛಾಯಾಗ್ರಾಹಕ 2013ರ ಜುಲೈ 8ರಂದು ಅಮಾವಾಸ್ಯೆಯ ಆ ಗಳಿಗೆಯಲ್ಲೇ, ಹಗಲಲ್ಲೇ, ಸೂರ್ಯನಿಂದ ಬರೀ 4.4 ಡಿಗ್ರಿ ದೂರದಲ್ಲಿದ್ದ ಚಂದ್ರನನ್ನು ಹಿಡಿದ. ವಯಸ್ಸು ಸೊನ್ನೆ! ಸೂರ್ಯನ ಬೆಳಕು ಲೆನ್ಸಿಗೆ ಬೀಳದಂತೆ ಮರೆ ಕಟ್ಟಿ, ಕಣ್ಣಿಗೆ ಕಾಣದ ಅವಗೆಂಪು (ಇನ್ಫ್ರಾರೆಡ್) ಬೆಳಕಿನಲ್ಲಿ ತೆಗೆದದ್ದು. (ಇದನ್ನು ಓದಿ ಯಾರೂ ಸೂರ್ಯನ ಪಕ್ಕಕ್ಕೆ ಕ್ಯಾಮೆರಾ ತಿರುಗಿಸಬೇಡಿ. ಸೂರ್ಯ ಪೂರ್ತಿ ಮುಳುಗುವವರೆಗೆ ಲೆನ್ಸಿನ ಮುಚ್ಚಳ ತೆಗೆಯಲೇಬಾರದು. ದುರ್ಬೀನಿಗಂತೂ ಇನ್ನೂ ಕಟ್ಟುನಿಟ್ಟು. ಕಣ್ಣು ಹೋದರೆ ಮತ್ತೆ ಬರಲ್ಲ.)

ಆ ಫೋಟೋ ನೋಡಿದಾಗ ನನಗೆ ಬೆರಗಾಯಿತು, ಆಸೆ ಆಗಲಿಲ್ಲ. ಅದು ಬೇರೆ ಆಟ. ಇನ್ನು ಫೋನುಗಳದ್ದು ಇನ್ನೊಂದು ಕಥೆ. ಕೆಲವು ಫೋನುಗಳು ಎದುರಿಗಿರುವುದು ಚಂದ್ರ ಅಂತ ಗುರುತಿಸಿ, ಲೆನ್ಸಿಗೆ ಸಿಗದ ವಿವರವನ್ನೂ ತಾವೇ ತುಂಬುತ್ತವೆ ಅಂತ 2023ರಲ್ಲಿ ದೊಡ್ಡ ಚರ್ಚೆಯಾಯಿತು. ಒಬ್ಬರು ಮಸುಕು ಮಾಡಿದ ಚಂದ್ರನ ಚಿತ್ರವನ್ನು ಕಂಪ್ಯೂಟರ್ ಪರದೆ ಮೇಲೆ ಇಟ್ಟು ಫೋನಿನಲ್ಲಿ ತೆಗೆದರೆ ಕುಳಿಗಳೆಲ್ಲ ಸ್ಪಷ್ಟವಾಗಿ ಬಂದವಂತೆ! ಅಲ್ಲಿಗೆ ಕಂಡವರು ಯಾರು, ಕಾಣಿಸಿದವರು ಯಾರು?

ಹಾಗಾಗಿ ನಾನೊಂದು ಕಟ್ಟಳೆ ಮಾಡಿಕೊಂಡೆ. ಕಣ್ಣಿಗೆ ಕಂಡ ಚಂದ್ರ ಮಾತ್ರ ಲೆಕ್ಕಕ್ಕೆ. ಕ್ಯಾಮೆರಾಗೆ ಮೊದಲು ಸಿಕ್ಕರೆ ಸಿಗಲಿ, ಆದರೆ ಕಣ್ಣು ಅದನ್ನು ಹುಡುಕಿ ಹಿಡಿಯುವವರೆಗೆ ಆ ಫೋಟೋವನ್ನು ಯಾರಿಗೂ ತೋರಿಸುವುದಿಲ್ಲ. ನನ್ನ ಗೆಳೆಯನೊಬ್ಬ ಇದನ್ನು ಒಪ್ಪಲ್ಲ. ಕನ್ನಡಕ ಹಾಕಿಕೊಂಡು ನೋಡಿದ್ರೆ ಲೆಕ್ಕಕ್ಕೆ, ಲೆನ್ಸ್ ಹಾಕಿಕೊಂಡು ನೋಡಿದ್ರೆ ಇಲ್ಲವಾ ಅಂತ ಕೇಳುತ್ತಾನೆ. ಅವನ ವಾದದಲ್ಲಿ ತಪ್ಪು ಹುಡುಕೋದು ಕಷ್ಟ. ಆದರೂ ನನ್ನ ಕಟ್ಟಳೆ ನನಗೆ. ಫೋಟೋ ಆಮೇಲೂ ಇರುತ್ತದೆ. ಆಕಾಶದಲ್ಲಿ ಏನೂ ಇಲ್ಲದ ಕಡೆ ಇದ್ದಕ್ಕಿದ್ದಂತೆ ಚಂದ್ರ ಇದ್ದಾನೆ ಅಂತ ಕಣ್ಣಿಗೆ ಗೊತ್ತಾಗುವ ಆ ಒಂದು ಚಣ ಆಮೇಲೆ ಸಿಗಲ್ಲ. ಒಮ್ಮೆ ಕಂಡ ಮೇಲೆ, ಇಷ್ಟು ಹೊತ್ತು ಇವನು ಹೇಗೆ ಕಾಣಲಿಲ್ಲ ಅನ್ನಿಸುತ್ತದೆ, ಅಷ್ಟು ಸ್ಪಷ್ಟ.

ಆವತ್ತು ಚಾಚಾಗೂ ಕೊನೆಗೆ ಕಣ್ಣಿಗೇ ಕಂಡಿತು. ನೀರಿನ ಟ್ಯಾಂಕಿನ ಎಡಕ್ಕೆ, ಕರೆಂಟ್ ತಂತಿಯ ಮೇಲೆ ಅಂತ ಅವರ ಮೊಮ್ಮಗಳು ಬೆರಳು ತೋರಿಸಿದಳು. ಸ್ವಲ್ಪ ಹೊತ್ತಿಗೆ ಮಸೀದಿ ಮೈಕಿನಲ್ಲಿ ಹೇಳಿದರು. ಕೆಳಗೆ ಓಣಿಯಲ್ಲಿ ಗಲಾಟೆಯೋ ಗಲಾಟೆ. ಮರುದಿನ, ಮಾರ್ಚ್ 31ಕ್ಕೆ, ನಮ್ಮ ಮನೆಗೆ ಶೀರ್‌ಖುರ್ಮಾ ಬಂತು, ನಮ್ಮ ಹೋಳಿಗೆ ಹಿಂದಿನ ದಿನವೇ ಆಚೆ ಹೋಗಿತ್ತು.

ತೆಗೆಯುವ ಕ್ರಮ ಹೇಳ್ತೀನಿ, ಕೇಳುವವರು ಬಹಳ ಜನ. ನನ್ನ ಹತ್ತಿರ ಇರುವುದು ಸೆಕೆಂಡ್‌ಹ್ಯಾಂಡ್ ಡಿಎಸ್‌ಎಲ್‌ಆರ್, 55-250 ಮಿಲಿಮೀಟರ್ ಲೆನ್ಸ್, ಒಂದು ಟ್ರೈಪಾಡ್. ಟ್ರೈಪಾಡ್ ಹಗುರ, ಗಾಳಿಗೆ ಅಲ್ಲಾಡುತ್ತದೆ, ಕೆಳಗೆ ಇಟ್ಟಿಗೆ ತುಂಬಿದ ಚೀಲ ಕಟ್ಟುತ್ತೇನೆ. ಚಂದ್ರನ ಬಿಂಬ ಎಷ್ಟು ದೊಡ್ಡದಾಗಿ ಬರುತ್ತೆ ಅನ್ನೋದಕ್ಕೆ ಸುಲಭ ಲೆಕ್ಕ ಇದೆ. ಲೆನ್ಸಿನ ಮಿಲಿಮೀಟರ್ ಅನ್ನು 110ರಿಂದ ಭಾಗಿಸಿ. 250ಕ್ಕೆ ಸುಮಾರು 2.3 ಮಿಲಿಮೀಟರ್ ಬಿಂಬ. ನನ್ನ 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಅದು ಅಡ್ಡಕ್ಕೆ ಸುಮಾರು 600 ಪಿಕ್ಸೆಲ್. ಕುಳಿಗಳನ್ನು ಎಣಿಸಲು ಸಾಲದು, ಬಿಲ್ಲಿನ ಅಂಚು ಹಲ್ಲುಹಲ್ಲಾಗಿ ಕಾಣಲು ಸಾಕು. ಆ ಹಲ್ಲುಗಳೇ ಚಂದ್ರನ ಮೇಲಿನ ಗುಡ್ಡ, ಕುಳಿಗಳ ಅಂಚು.

ಫೋಕಸ್ ತಾನಾಗಿ ಆಗಲಿ ಅಂತ ಬಿಟ್ಟರೆ ಲೆನ್ಸ್ ಹಿಂದೆ ಮುಂದೆ ಒದ್ದಾಡುತ್ತದೆ. ದೂರದ ಟವರ್ ದೀಪದ ಮೇಲೋ, ಶುಕ್ರ ಇದ್ದರೆ ಶುಕ್ರನ ಮೇಲೋ ಫೋಕಸ್ ಮಾಡಿ, ಆಮೇಲೆ ಮ್ಯಾನುಯಲ್‌ಗೆ ಹಾಕಿ ಮುಟ್ಟದೆ ಬಿಡಿ. ಅಲುಗಾಟ ತಡೆಯುವ ಸ್ವಿಚ್ ಟ್ರೈಪಾಡ್ ಮೇಲೆ ಆಫ್ ಇರಲಿ. ಬಟನ್ ಒತ್ತಿದ ಅಲುಗಾಟ ಹೋಗಲು ಎರಡು ಸೆಕೆಂಡ್ ಟೈಮರ್. ಐಎಸ್‌ಒ 400 (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ), ಎಫ್ 5.6 (ಲೆನ್ಸ್ ಬಾಯಿ ತೆರೆಯುವ ಅಳತೆ) ಇಟ್ಟುಕೊಂಡು ಅರವತ್ತನೇ ಒಂದು ಸೆಕೆಂಡಿನಿಂದ ಶುರು ಮಾಡಿ ಹದಿನೈದನೇ ಒಂದರವರೆಗೆ ಬನ್ನಿ. ಕತ್ತಲಾದ ಹಾಗೆ, ಧೂಳಿಗೆ ಇಳಿದ ಹಾಗೆ ಸಮಯ ಹೆಚ್ಚಿಸಿ. ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಚಿತ್ರ) ಇಡಿ. ಇಷ್ಟೇ.

ಆದರೆ ನನಗೆ ಬಿಲ್ಲಿಗಿಂತ ಇಷ್ಟ ಬಿಲ್ಲಿನೊಳಗಿನ ಉಳಿದ ಚಂದ್ರ. ಬಿದಿಗೆ, ತದಿಗೆಯಲ್ಲಿ ಕತ್ತಲಾಗುತ್ತ ಬಂದಂತೆ ಬೆಳಗದ ಭಾಗವೂ ಬೂದಿ ಬಣ್ಣಕ್ಕೆ ಮೆಲ್ಲಗೆ ಕಾಣುತ್ತದಲ್ಲ, ಅದು. ಆ ಬೆಳಕು ನಮ್ಮದು. ಸೂರ್ಯನ ಬಿಸಿಲು ಭೂಮಿಗೆ ಬಡಿದು ಚಂದ್ರನಿಗೆ ಹೋಗಿ, ಅಲ್ಲಿಂದ ಮತ್ತೆ ನಮ್ಮ ಕಣ್ಣಿಗೆ ಬರುತ್ತದೆ. ಲಿಯೊನಾರ್ಡೊ ಡ ವಿಂಚಿ 1510ರ ಆಸುಪಾಸಿನಲ್ಲೇ ಇದನ್ನು ತನ್ನ ಟಿಪ್ಪಣಿಯಲ್ಲಿ ಬರೆದಿಟ್ಟಿದ್ದ. ನಮಗೆ ಎಳೆ ಚಂದ್ರ ಇರುವಾಗ ಚಂದ್ರನ ಮೇಲೆ ನಿಂತವರಿಗೆ ಭೂಮಿ ಹೆಚ್ಚೂ ಕಡಿಮೆ ಹುಣ್ಣಿಮೆ. ನಮ್ಮ ಚಂದ್ರನಿಗಿಂತ ಹದಿಮೂರು ಪಟ್ಟು ಹರವಿನ ಹುಣ್ಣಿಮೆ. ಮೋಡ, ಹಿಮ ಎಲ್ಲ ಸೇರಿ ಭೂಮಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 30 ಪಾಲು ವಾಪಸ್ ಕಳಿಸುತ್ತದೆ, ಚಂದ್ರ 12 ಪಾಲು ಮಾತ್ರ. ಬಳ್ಳಾರಿಯಲ್ಲಿ ಸಂಜೆಯಾದಾಗ ಆಫ್ರಿಕಾ ಕಡೆ ಇನ್ನೂ ಹಗಲು. ನಮ್ಮ ಪಶ್ಚಿಮದ ಚಂದ್ರನಿಗೆ ಎದುರಾಗಿರುವುದು ಆ ಭಾಗ. ಅಂದರೆ ಜೋಳದ ರೊಟ್ಟಿ ಬಡಿಯೋ ಹೊತ್ತಿಗೆ ನಾವು ಚಂದ್ರನ ಕಪ್ಪು ಭಾಗದಲ್ಲಿ ನೋಡುತ್ತಿರುವುದು ಆಫ್ರಿಕಾ ಮತ್ತು ಅಟ್ಲಾಂಟಿಕ್ ಸಮುದ್ರದ ಮೇಲೆ ಬಿದ್ದ ಬಿಸಿಲನ್ನು. ಇದು ಗೊತ್ತಾದ ದಿನ ನಾನು ಮನೆಯಲ್ಲಿ ಎಲ್ಲರಿಗೂ ಹೇಳಿಕೊಂಡು ಓಡಾಡಿದೆ. ಯಾರೂ ಅಷ್ಟೊಂದು ಕಿವಿಗೊಡಲಿಲ್ಲ.

ಈ ಭೂಮಿ ಬೆಳಕನ್ನು ಹಿಡಿಯಲು ಅರ್ಧ ಸೆಕೆಂಡ್, ಒಂದು ಸೆಕೆಂಡ್ ಬೇಕು. ಅಲ್ಲೇ ಪೇಚಾಟ. ಆಕಾಶ ತಿರುಗುತ್ತದೆ. ಚಂದ್ರ ಎರಡು ನಿಮಿಷಕ್ಕೆ ತನ್ನ ಅಗಲದಷ್ಟು ಜರುಗುತ್ತಾನೆ. ನನ್ನ ಲೆನ್ಸಿನಲ್ಲಿ ಅದು ಸೆಕೆಂಡಿಗೆ ಐದು ಪಿಕ್ಸೆಲ್. ಹಾಗಾಗಿ ಐಎಸ್‌ಒ 1600ಕ್ಕೆ ಏರಿಸಿ ಅರ್ಧ ಸೆಕೆಂಡಿಗೆ ಮುಗಿಸುತ್ತೇನೆ. ಬಿಲ್ಲು ಬೆಳ್ಳಗೆ ಉರಿದುಹೋಗುತ್ತದೆ, ಹೋಗಲಿ. ಎರಡು ಫೋಟೋ ಸೇರಿಸಿ ಎರಡೂ ಚೆನ್ನಾಗಿರುವ ಹಾಗೆ ಮಾಡಬಹುದು, ಬಹಳ ಜನ ಮಾಡುತ್ತಾರೆ. ಚಂದವೇ ಇರುತ್ತದೆ. ನಾನು ಮಾಡಲ್ಲ. ಕಣ್ಣು ಹಾಗೆ ನೋಡಿರಲಿಲ್ಲವಲ್ಲ.

ಊರ ಧೂಳು ಬೇಜಾರಾದಾಗ ಕೊಪ್ಪಳ ಕಡೆ ಹೋಗುತ್ತೇನೆ. ಕುಕನೂರು ತಾಲೂಕಿನ ಇಟಗಿ ನನಗೆ ಇಷ್ಟದ ಜಾಗ. ಅಲ್ಲಿನ ಮಹಾದೇವ ಗುಡಿ 1112ರದ್ದು. ಕಟ್ಟಿಸಿದವನು ಕಲ್ಯಾಣ ಚಾಲುಕ್ಯರ ದಂಡನಾಯಕ ಮಹಾದೇವ. ಶಾಸನದಲ್ಲಿ ಅದನ್ನು 'ದೇವಾಲಯ ಚಕ್ರವರ್ತಿ' ಅಂತ ಕರೆದಿದೆ. ಫೋಟೋ ತೆಗೆಯುವವನಿಗೆ ಬೇಕಾದ ಸಂಗತಿ ಏನೆಂದರೆ ಗುಡಿ ಪೂರ್ವಕ್ಕೆ ಮುಖ ಮಾಡಿದೆ, ಶಿಖರ ಹಿಂದೆ, ಪಶ್ಚಿಮಕ್ಕಿದೆ. ಮಾರ್ಚ್ 20-21ರ ಹೊತ್ತಿಗೆ ಸೂರ್ಯ ನೇರ ಪಶ್ಚಿಮಕ್ಕೆ ಮುಳುಗುತ್ತಾನೆ. ಯುಗಾದಿ ಆಸುಪಾಸಿನ ಎಳೆ ಚಂದ್ರ ಅವನ ತಲೆ ಮೇಲೇ ನಿಂತಿರುತ್ತಾನೆ. ಅಂದರೆ ಗುಡಿಯ ಮುಂದೆ, ದೂರದಲ್ಲಿ ನಿಂತರೆ ಶಿಖರದ ಮೇಲಕ್ಕೆ ಚಂದ್ರ ಬರುತ್ತಾನೆ. ಬೇರೆ ತಿಂಗಳಲ್ಲಿ ಈ ಜೋಡಿ ಹೀಗೆ ಕೂಡಿ ಬರೋದು ಕಡಿಮೆ.

'ದೂರದಲ್ಲಿ' ಅನ್ನೋದು ಇಲ್ಲಿ ಮುಖ್ಯ. ಹತ್ತಿರ ನಿಂತರೆ ಶಿಖರ ದೊಡ್ಡದು, ಚಂದ್ರ ಚುಕ್ಕೆ. ಮೇಲೆ ಹೇಳಿದ 110 ಇಲ್ಲೂ ಕೆಲಸಕ್ಕೆ ಬರುತ್ತದೆ. ಹತ್ತು ಮೀಟರ್ ಎತ್ತರದ ವಸ್ತು ಚಂದ್ರನಷ್ಟೇ ದೊಡ್ಡದಾಗಿ ಕಾಣಬೇಕಾದರೆ 1,100 ಮೀಟರ್ ಹಿಂದಕ್ಕೆ ಹೋಗಬೇಕು. ಅಷ್ಟೆಲ್ಲ ಬೇಡ, ಒಂದು ಅರ್ಧ ಕಿಲೋಮೀಟರ್ ಆದರೂ ಸರಿ. ಆ ಕಡೆ ಎಲ್ಲ ಎರೆ ಹೊಲ. ಮಾರ್ಚ್ ಹೊತ್ತಿಗೆ ಕಡಲೆ ಕಿತ್ತು, ಬಿಳಿಜೋಳ ಕೊಯ್ದು ನೆಲ ಖಾಲಿ ಇರುತ್ತದೆ. ಹೊಲದವರನ್ನು ಕೇಳಿ ಬದುವಿನ ಮೇಲೆ ನಿಲ್ಲಬಹುದು. ಗುಡಿ ಆವರಣದ ಒಳಗೆ ಟ್ರೈಪಾಡ್ ಇಡಲು ಪುರಾತತ್ವ ಇಲಾಖೆ ಅನುಮತಿ ಬೇಕು. ಹಾಗಾಗಿ ಹೊರಗೆ ದೂರ ನಿಲ್ಲೋದೇ ಎಲ್ಲ ರೀತಿಯಿಂದಲೂ ಅನುಕೂಲ.

ಹೊಲದಲ್ಲಿ ನಿಂತಾಗ ಒಬ್ಬ ಅಜ್ಜಾರು ಬಂದು ಕೂತರು. ಕ್ಯಾಮೆರಾ ಬಗ್ಗೆ ಏನೂ ಕೇಳಲಿಲ್ಲ. ಚಂದ್ರ ಕಂಡ ಕೂಡಲೇ ಕೇಳಿದ್ದು, "ಯಾವ ಕೋಡು ಮ್ಯಾಲೈತಿ ನೋಡ್ರಿ" ಅಂತ. ಹೊಸ ವರ್ಷದ ಚಂದ್ರನ ಯಾವ ಕೋಡು ಎತ್ತರ ಇದೆ ಅಂತ ನೋಡಿ ಮಳೆ, ಬೆಳೆ, ಧಾರಣೆ ಹೇಳುವುದು ನಮ್ಮ ಕಡೆ ಹಳೆಯ ರೂಢಿ. ಚಂದ್ರ ನೋಡಿ ಹತ್ತಿ ರೇಟು ಹೇಳಬಹುದು ಅಂತ ನಾನು ನಂಬಲ್ಲ. ಆದರೆ ಕೋಡು ವರ್ಷ ವರ್ಷ ಬದಲಾಗುವುದು ನಿಜ. ಬಿಲ್ಲಿನ ಉಬ್ಬು ಯಾವಾಗಲೂ ಸೂರ್ಯ ಇರುವ ಕಡೆಗೆ. ನಾವಿರುವುದು 15 ಡಿಗ್ರಿ ಅಕ್ಷಾಂಶದಲ್ಲಿ. ಮಾರ್ಚ್-ಏಪ್ರಿಲ್ ಸಂಜೆ ಸೂರ್ಯನ ದಾರಿ (ವರ್ಷವಿಡೀ ನಕ್ಷತ್ರಗಳ ನಡುವೆ ಅವನು ಸಾಗುವ ದಾರಿ) ಪಶ್ಚಿಮದಲ್ಲಿ ಬಹುತೇಕ ನೆಟ್ಟಗೆ ನಿಂತಿರುತ್ತದೆ. ಸೂರ್ಯ ನೇರ ಕೆಳಗೆ, ಬಿಲ್ಲು ಹರಿಗೋಲಿನ ಹಾಗೆ ಅಂಗಾತ. ಎರಡೂ ಕೋಡು ಹೆಚ್ಚೂ ಕಡಿಮೆ ಸಮ. ಆದರೆ ಚಂದ್ರ ಸೂರ್ಯನ ದಾರಿಯಲ್ಲೇ ಹೋಗಲ್ಲ, ಐದು ಡಿಗ್ರಿಯಷ್ಟು ಆಚೀಚೆ ಓಲಾಡುತ್ತಾನೆ. ಸೂರ್ಯನಿಂದ ಹದಿನೈದು ಡಿಗ್ರಿ ದೂರದಲ್ಲಿರುವವನಿಗೆ ಐದು ಡಿಗ್ರಿ ಅಂದರೆ ಕಡಿಮೆಯಲ್ಲ, ಬಿಲ್ಲು ವಾಲುವುದು ಕಣ್ಣಿಗೆ ಕಾಣುತ್ತದೆ. ಇಬ್ಬರ ದಾರಿ ಕೂಡುವ ಜಾಗ ಆಕಾಶದಲ್ಲಿ ಒಂದು ಸುತ್ತು ಬರಲು 18.6 ವರ್ಷ. ಅದಕ್ಕೇ ಕೆಲವು ವರ್ಷ ಒಂದು ಕೋಡು ಮೇಲೆ, ಮುಂದಿನ ಕೆಲವು ವರ್ಷ ಇನ್ನೊಂದು. ಅಜ್ಜಾರ ಕಣ್ಣು ಸರಿಯಾಗಿಯೇ ನೋಡುತ್ತಿತ್ತು. ಧಾರಣೆ ಮಾತು ಬೇರೆ. ಆ ದಿನದ ಫೋಟೋ ಹಿಗ್ಗಿಸಿ ಎಡಗೋಡು ಒಂದು ಕೂದಲು ಮೇಲಿದೆ ಅಂತ ತೋರಿಸಿದೆ. ಅವರು ಪರದೆ ನೋಡಲೇ ಇಲ್ಲ. "ನಂಗ ಇಲ್ಲಿಂದನ ಕಾಣ್ತೈತಿ" ಅಂದರು.

ಎಲ್ಲರೂ ನೋಡಿದ ಚಂದ್ರ ಅಂದರೆ 2023ರ ಮಾರ್ಚ್ 24ರದ್ದು. ಎಳೆ ಚಂದ್ರ ಶುಕ್ರನನ್ನು ಮರೆಮಾಡಿ ಬಿಟ್ಟ ದಿನ. ಸಂಜೆ ಹೊತ್ತಿಗೆ ಶುಕ್ರ ಬಿಲ್ಲಿನ ಕೆಳಗೆ ಅಂಟಿಕೊಂಡಂತೆ ಹೊಳೆಯುತ್ತಿತ್ತು. ಆವತ್ತು ರಾತ್ರಿ ನನ್ನ ಫೋನಿಗೆ ಬಂದ ಫೋಟೋಗಳಲ್ಲಿ ಬಹುಪಾಲು ಬಿಳಿ ಮಚ್ಚೆ, ಪಕ್ಕದಲ್ಲಿ ಇನ್ನೊಂದು ಬಿಳಿ ಮಚ್ಚೆ. ಆದರೂ ಯಾರೂ ಅಳಿಸಲಿಲ್ಲ. ಚಂದ್ರನ ಫೋಟೋ ಯಾರು ಬೇಕಾದರೂ ಇಂಟರ್ನೆಟ್‌ನಲ್ಲಿ ಇದಕ್ಕಿಂತ ಚೆನ್ನಾಗಿರೋದು ಹುಡುಕಬಹುದು. ಆದರೆ ತಮ್ಮ ಮಾಳಿಗೆಯಿಂದ ತಾವೇ ಕಂಡದ್ದು ಅದು.

ಬೆಳಗಿನ ಚಂದ್ರನ ಬಗ್ಗೆ ಯಾರೂ ಮಾತಾಡಲ್ಲ. ಅಮಾವಾಸ್ಯೆಗೆ ಮುಂಚೆ ಸೂರ್ಯ ಹುಟ್ಟುವ ಮೊದಲು ಪೂರ್ವದಲ್ಲಿ ಇದೇ ಬಿಲ್ಲು ತಿರುಗಿ ನಿಂತಿರುತ್ತದೆ. ಶಿವರಾತ್ರಿ ಬರುವುದು ಬಹುಳ ಚತುರ್ದಶಿಗೆ. ಆ ದಿನ ಬೆಳಗಿನ ಜಾವ ಎದ್ದು ನೋಡಿದರೆ ಪೂರ್ವದಲ್ಲಿ ತೆಳ್ಳಗೆ ಇರುತ್ತಾನೆ. ಶಿವನ ಜಡೆಯಲ್ಲಿ ಯಾವ ಚಂದ್ರನನ್ನು ಬರೆಯುತ್ತಾರೋ ಅದೇ. ಗಾಳಿಯೂ ಆಗ ತಣ್ಣಗೆ, ಧೂಳು ರಾತ್ರಿಯೆಲ್ಲ ಕೂತಿರುತ್ತದೆ. ಫೋಟೋಗೆ ಸಂಜೆಗಿಂತ ಬೆಳಗೇ ಮೇಲು. ಏಳೋದೇ ಕಷ್ಟ.

ಇನ್ನು ನೋಡಬಾರದ ಚಂದ್ರ. ಅವ್ವನ ತವರು ರಾಯಚೂರು ಜಿಲ್ಲೆಯ ಮುದಗಲ್ಲು ಕಡೆ. ಅಲ್ಲಿ ಮೊಹರಂ ಅಂದರೆ ಊರಿಗೆ ಊರೇ ಸೇರುವ ಹಬ್ಬ. ಚಂದ್ರ ಕಂಡ ಮೇಲೇ ಅಲಾಯಿ ಕುಣಿಗೆ (ಹಬ್ಬದಲ್ಲಿ ಬೆಂಕಿ ಹಾಕುವ ಗುಂಡಿಗೆ) ಗುದ್ದಲಿ ಬೀಳುವುದು. ಹಾಗಾಗಿ ಅವ್ವ ಚಿಕ್ಕಂದಿನಿಂದ ಎಲ್ಲರ ಚಂದ್ರನನ್ನೂ ಕಾದು ನೋಡಿದವಳು. ಯುಗಾದಿಯದು, ರಂಜಾನಿನದು, ಮೊಹರಂನದು. ಒಂದನ್ನು ಬಿಟ್ಟು. ಭಾದ್ರಪದದ ಚೌತಿ ಚಂದ್ರನನ್ನು ನೋಡಿದರೆ ಮಾಡದ ತಪ್ಪಿಗೆ ಅಪವಾದ ಬರುತ್ತದೆ, ಕೃಷ್ಣನಿಗೇ ಸ್ಯಮಂತಕ ಮಣಿ ಕದ್ದ ಅಪವಾದ ಬಂದಿತ್ತು, ನಮ್ಮದೇನು ಅಂತ ಅವಳ ವಾದ. ಗಣಪತಿ ಹಬ್ಬದ ಸಂಜೆ ಪಶ್ಚಿಮದ ಕಿಟಕಿ ಮುಚ್ಚಿಬಿಡುತ್ತಾಳೆ.

ನನ್ನ ದುರದೃಷ್ಟ, ಚೌತಿ ಚಂದ್ರನೇ ಕ್ಯಾಮೆರಾಗೆ ಹೇಳಿಮಾಡಿಸಿದವನು. ಸೂರ್ಯನಿಂದ 36 ಡಿಗ್ರಿ ದಾಟಿರುತ್ತಾನೆ, ಕತ್ತಲಾದ ಮೇಲೂ ಮೇಲೇ ಇರುತ್ತಾನೆ, ಗಡಿಬಿಡಿ ಇಲ್ಲ. ನೂರಕ್ಕೆ ಹತ್ತು-ಹದಿನಾರು ಪಾಲು ಬೆಳಗಿರುತ್ತದೆ. ಮಾರೆ ಕ್ರಿಸಿಯಂ ಅನ್ನುವ ಮೊಟ್ಟೆಯಾಕಾರದ ಕಪ್ಪು ಬಯಲು ಪೂರ್ತಿ ಕಾಣುತ್ತದೆ. ನೆರಳಿನ ಗಡಿಯಲ್ಲಿ ಕುಳಿಗಳು ಆಳವಾಗಿ ಎದ್ದು ಕಾಣುತ್ತವೆ. ಬೇರೆ ತಿಂಗಳ ಚೌತಿಗೆ ಅವ್ವನ ಅಡ್ಡಿ ಇಲ್ಲ. ಆದರೆ ಆ ಒಂದು ಚೌತಿಯೂ ನನ್ನ ಸಂಗ್ರಹದಲ್ಲಿ ಇರಲಿ ಅಂತ ಆಸೆ.

ಹೋದ ಗಣಪತಿ ಹಬ್ಬಕ್ಕೆ ಮೋಡದ ಸಂದಿಯಲ್ಲಿ ಸ್ವಲ್ಪ ಹೊತ್ತು ಬಿಡುವು ಸಿಕ್ಕಿತು. ಮಾಳಿಗೆ ಹತ್ತಿದೆ. ಅವ್ವ ಮೆಟ್ಟಿಲ ಕೆಳಗೆ ನಿಂತು "ನೋಡಬ್ಯಾಡ ಯಪ್ಪಾ" ಅಂತ ಕೂಗಿದಳು. "ನಾ ನೋಡವಲ್ಲೆ ಬೇ, ಕ್ಯಾಮೆರಾ ನೋಡ್ತೈತಿ" ಅಂದೆ. ನಿಜವಾಗಿಯೂ ತಲೆ ತಗ್ಗಿಸಿಕೊಂಡು ಪರದೆಯನ್ನಷ್ಟೇ ನೋಡಿ ತೆಗೆದೆ. ಕೆಳಗೆ ಬಂದು ಕ್ಯಾಮೆರಾ ಮೇಜಿನ ಮೇಲಿಟ್ಟು ಕೈಕಾಲು ತೊಳೆಯಲು ಹೋದೆ. ಬಂದು ನೋಡಿದರೆ ಅವ್ವ ಅದರ ಪಕ್ಕ ನಿಂತಿದ್ದಾಳೆ.

"ಇದರಾಗ ನೋಡಿದ್ರೂ ದೋಷ ಬರ್ತೈತೇನು?"

ನನ್ನ ಕಟ್ಟಳೆ ಪ್ರಕಾರ ಕ್ಯಾಮೆರಾದಲ್ಲಿ ನೋಡಿದ್ದು ನೋಡಿದ ಲೆಕ್ಕಕ್ಕಿಲ್ಲ. ಚಾಚಾ ಕೂಡ ಅದನ್ನೇ ಹೇಳಿದ್ದಾರೆ ಅಂದೆ. ಅವ್ವ ಕನ್ನಡಕ ತಂದಳು. ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ಇದೇನು ಕರ್ರಗ, ಇದೇನು ಕುಣಿ ಅಂತ ಒಂದೊಂದನ್ನೂ ಕೇಳಿದಳು. ಭೂಮಿ ಬೆಳಕಿನ ವಿಷಯವನ್ನೂ ಈ ಸಲ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, ಯಾವುದಕ್ಕೂ ಇರಲಿ ಅಂತ, ನನ್ನನ್ನು ಎದುರಿಗೆ ಕೂರಿಸಿಕೊಂಡು ಸ್ಯಮಂತಕ ಮಣಿಯ ಕಥೆಯನ್ನು ಮೊದಲಿಂದ ಕೊನೆವರೆಗೆ ಹೇಳಿದಳು.